ಮೇಕೆ ಹೊಲದ ಬಿಲ, ಕೆಳಗಿನ ಏಳು ಬಾವಿ

ಹತ್ತು ಹೆಜ್ಜೆ ನಡೆದದ್ದಕ್ಕೆ ನಾನು ಏನು ತೆತ್ತೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಟಿನ್ ಊರಾಚೆ ಇನ್ನೂರು ಎಕರೆ ಮೇಕೆ ಹೊಲ ಕೈತಪ್ಪಿತು. ಆ ಹೊಲದ ನಡುವೆ ಹಳ್ಳದ ನೀರನ್ನೆಲ್ಲ ನುಂಗುವ ಒಂದು ಬಿಲ ಇತ್ತು, ದುಬಾರಿ ಬೆಲೆ ತೆತ್ತು ಬಿಡಿಸಿಕೊಳ್ಳುವ ತನಕ ಅದೂ ಹೋಯಿತು. ಏಳು ಮನೆಯವರು ನಿಶ್ಚಿಂತೆಯಿಂದ ನೀರು ಕುಡಿಯುವುದು ನಿಂತಿತು. ಆ ಏಳರಲ್ಲಿ ಒಂದು ನನ್ನದೇ ಮನೆ. ಹೆಂಡತಿ ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬುತ್ತಿದ್ದ ಕಾಲವೂ ಅಲ್ಲಿಗೇ ಮುಗಿಯಿತು. ಕಾರಣ ಇಷ್ಟೇ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಲಿತ ವ್ಯಾಪಾರ ಟೆಕ್ಸಸ್ಸಿನಲ್ಲೂ ನಡೆಯುತ್ತದೆ ಅಂದುಕೊಂಡಿದ್ದೆ.

ಈಗ ನಾನಿರುವುದು ಡಲ್ಲಾಸ್ ಪಕ್ಕದ ಇರ್ವಿಂಗಿನಲ್ಲಿ, ಮಗಳ ಮನೆಯಿಂದ ಎರಡು ರಸ್ತೆ ಆಚೆ. ಭಾನುವಾರ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಹೊಸದಾಗಿ ಸಿವಿಲ್ ಓದಿ ಬಂದ ಹುಡುಗ ಹುಡುಗಿಯರು ಹಿಡಿದುಕೊಳ್ಳುತ್ತಾರೆ. “ಅಂಕಲ್, ನಂಗೆ ವಾಟರ್ ಆಫೀಸಲ್ಲಿ ಕೆಲಸ ಸಿಕ್ತು. ಲ್ಯಾಂಡ್ ಸೆಕ್ಷನ್. ಆರಾಮಾಗಿರತ್ತೆ ಅಲ್ವಾ?” ಸಾರು ಬಡಿಸಿಕೊಳ್ಳುತ್ತ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಅನ್ನುವುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಎಲ್ಲಿ ಎಡವಿದೆ, ಎಲ್ಲಿ ಹೆದರಿದೆ ಅನ್ನುವುದರಿಂದ ಇರಬಹುದು.

ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ. ಊರು ಬೆಳೆಯುತ್ತದೆ. ಬೆಳೆಯುವ ಊರಿಗೆ ನೀರು ಬೇಕು. ಆ ನೀರು ಬರುವ ಜಾಗದ ಮೇಲೇ ಊರು ಬಂದು ಕೂತರೆ ನೀರಿನ ಕತೆ ಮುಗಿಯಿತು. ಹಾಗೆ ಕೂರದಂತೆ ಕೆಲವು ಜಾಗಗಳನ್ನು ಮೊದಲೇ ಹಿಡಿದಿಡಬೇಕು: ಜೌಗು, ಹಳ್ಳದ ದಂಡೆ, ಮಳೆನೀರು ನೆಲಕ್ಕಿಳಿಯುವ ಬಂಡೆಯ ಸೀಳು. ಆಗೆಲ್ಲ ಊರ ಗಡಿಯಾಚೆ ಯಾರಿಗಾದರೂ ‘ಇಲ್ಲಿ ಕಟ್ಟಬೇಡ’ ಅನ್ನುವುದಕ್ಕೆ ನಮ್ಮ ಕೈಯಲ್ಲಿ ಕಾನೂನು ಇರಲಿಲ್ಲ. ಇದ್ದ ದಾರಿ ಒಂದೇ, ಕೊಂಡುಕೊಳ್ಳುವುದು. ಜಮೀನನ್ನಾದರೂ ಕೊಳ್ಳಬೇಕು, ಇಲ್ಲ ಅದರ ಮೇಲೆ ಮನೆ ಕಟ್ಟುವ ಹಕ್ಕನ್ನಾದರೂ. ಆ ಮಾತುಕತೆಗೆ ಹೋಗುವವನೇ ಲ್ಯಾಂಡ್ ಏಜೆಂಟ್. “ಏನೂ ಕಟ್ಟದೇ ಇರೋದಕ್ಕೆ ದುಡ್ಡು ಕೊಡ್ತೀಯಾ? ಹಂಗಾದ್ರೆ ನಾನು ನಲವತ್ತು ವರ್ಷದಿಂದ ಏನೂ ಕಟ್ಟಿಲ್ಲ, ಹಿಂದಿನದೆಲ್ಲ ಸೇರಿಸಿ ಕೊಡು” ಅಂತ ಒಬ್ಬ ರೈತ ಗೇಟಿನಲ್ಲೇ ನನ್ನನ್ನು ಗೋಳುಹೊಯ್ದುಕೊಂಡಿದ್ದ.

ಹೆದರಿಕೆ ಶುರುವಾದದ್ದು ಹ್ಯೂಸ್ಟನ್ನಿನಲ್ಲಿ, ಅರವತ್ತರ ದಶಕದ ಕೊನೆಯಲ್ಲಿ. ಓದು ಮುಗಿಸಿ ಸರ್ವೆ ತಂಡಕ್ಕೆ ಸೇರಿದ್ದೆ. ಅಲ್ಲಿ ಕಾರ್ಖಾನೆಗಳೂ ಊರೂ ಸೇರಿ ನೆಲದಡಿಯ ನೀರನ್ನು ಎಡೆಬಿಡದೆ ಎಳೆದು ಎಳೆದು, ಮೇಲಿನ ನೆಲವೇ ಕುಸಿಯತೊಡಗಿತ್ತು. ಇದನ್ನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಾಗಲೇ ಗೊತ್ತಾದದ್ದು. ಒಂದು ಹಳೇ ಬೋರ್‌ವೆಲ್ಲಿನ ಕಬ್ಬಿಣದ ಕೊಳವೆ ನನ್ನ ಮಂಡಿಯೆತ್ತರಕ್ಕೆ ಎದ್ದು ನಿಂತಿತ್ತು. ಅದರ ಸುತ್ತ ಹಾಕಿದ್ದ ಸಿಮೆಂಟಿನ ಕಟ್ಟೆ ನೆಲ ಬಿಟ್ಟು ಗಾಳಿಯಲ್ಲಿತ್ತು.

“ಕೊಳವೆ ಯಾಕೆ ಮೇಲೆದ್ದಿದೆ?” ಅಂತ ನಮ್ಮ ತಂಡದ ಮುಖ್ಯಸ್ಥನನ್ನು ಕೇಳಿದೆ.

“ಕೊಳವೆ ಇದ್ದಲ್ಲೇ ಇದೆ ಮೂರ್ತಿ. ಕೆಳಗಿಳಿದಿರೋದು ನಾವು.”

ಅವನು ನಗುತ್ತಲೇ ಹೇಳಿದ. ನನಗೆ ಮಾತ್ರ ಕಾಲ ಕೆಳಗಿನ ನೆಲ ಅಲ್ಲೇ ಜಾರಿದ ಹಾಗಾಯಿತು. ಅದೇ ವಾರ ಕೊಲ್ಲಿಯ ದಂಡೆಯ ಒಂದು ಮನೆಯಲ್ಲಿ ಅಳತೆಗೆ ಹೋಗಿದ್ದೆವು. ಮಂಚ, ಸೋಫಾ, ಫ್ರಿಜ್ಜು ಎಲ್ಲವನ್ನೂ ಇಟ್ಟಿಗೆಯ ಮೇಲೆ ಎತ್ತಿಟ್ಟಿದ್ದರು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಬೆರಳು ಮಾಡಿ ತೋರಿಸಿದಳು. “ಮೊದಲು ಸಮುದ್ರದ ನೀರು ಬೇಲಿ ತನಕ ಬರ್ತಿತ್ತು. ಆಮೇಲೆ ಗುಲಾಬಿ ಗಿಡ. ಈಗ ಈ ಮೆಟ್ಟಿಲು. ನೀವು ಅಳತೆ ಮಾಡೋರಲ್ವಾ, ಮಂಚ ಎಷ್ಟು ಎತ್ತರಕ್ಕಿಟ್ಟರೆ ಸಾಕು ಹೇಳಿ.” ನಾನು ಉಪಕರಣದ ಗಾಜು ಒರೆಸುವ ನಾಟಕ ಮಾಡಿದೆ.

ನನ್ನ ಸ್ವಂತ ತಪ್ಪು ನಡೆದದ್ದು ಅದೇ ಊರಿನ ವಾಯವ್ಯಕ್ಕೆ, ಸೈಪ್ರೆಸ್ ಕಡೆ. ಈಗ ಅಲ್ಲಿ ಕಣ್ಣು ಹಾಯುವ ತನಕ ಮನೆಗಳೇ. ನಿಮ್ಮಲ್ಲಿ ಕೆಲವರು ಅಲ್ಲೇ ಇದ್ದೀರಿ. ಆಗ ಭತ್ತದ ಗದ್ದೆ, ಹುಲ್ಲುಗಾವಲು. ಆಗಸ್ಟ್ ತಿಂಗಳ ಬಿಸಿಲಲ್ಲಿ ಒಂದು ತುಂಡು ನೆಲ ಅಳೆದು, ಷರಾದಲ್ಲಿ ‘ಸಮತಟ್ಟು, ಒಣ’ ಅಂತ ಬರೆದೆ. ಜನವರಿಯಲ್ಲಿ ಅದೇ ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೋದರೆ ಅದರ ತುಂಬ ನೀರು, ನೀರಿನ ತುಂಬ ಬಾತು. ವರ್ಷದಲ್ಲಿ ಅರ್ಧ ಕಾಲ ಕೆರೆ, ಅರ್ಧ ಕಾಲ ಬಯಲು. ದೊಡ್ಡ ಮಳೆ ಬಂದಾಗ ಊರಿಗೆ ನುಗ್ಗುವ ನೀರನ್ನು ತಡೆದಿಡುತ್ತಿದ್ದದ್ದೇ ಇಂಥ ತಗ್ಗುಗಳು. ನಾನು ಬರೆದ ಆ ಒಂದು ಪದ ಹಿಡಿದುಕೊಂಡು ಲೇಔಟಿನವರು ಚರಂಡಿ ತೋಡಿ ಅದನ್ನು ಬಸಿದುಬಿಟ್ಟರು. ಮುಂದಿನ ಮಳೆಗೆ ಕೆಳಗಿನ ಬೀದಿಯವರು ತೊಡೆಮಟ್ಟದ ನೀರಲ್ಲಿ ಕಾರು ತಳ್ಳುತ್ತಿದ್ದುದನ್ನು ನೋಡಿದೆ. ‘ಯಾರು ಬರೆದದ್ದು ಒಣ ಅಂತ?’ ಎಂದು ಯಾರೂ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಬೈಸಿಕೊಂಡ ತಪ್ಪು ಅಲ್ಲಿಗೆ ಮುಗಿಯುತ್ತದೆ, ಬೈಸಿಕೊಳ್ಳದ್ದು ಬೆನ್ನು ಹತ್ತುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಆಸ್ಟಿನ್ನಿಗೆ ಶಿಫ್ಟ್ ಆದೆ. ಸರ್ವೆ ಬಿಟ್ಟು ಜಮೀನು ಕೊಳ್ಳುವ ಕೆಲಸ. ಬಾಸ್ ರಸೆಲ್, ಮಾತು ಕಡಿಮೆ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಮೊದಲ ದಿನವೇ ಒಂದು ಸುಣ್ಣದಕಲ್ಲಿನ ತುಂಡನ್ನು ನನ್ನ ಮೇಜಿನ ಮೇಲಿಟ್ಟ. ಕಲ್ಲಿನ ತುಂಬ ತೂತು. “ಇಲ್ಲಿನ ನೆಲ ಇದು. ಮಣ್ಣಾದರೆ ನೀರನ್ನು ಸೋಸುತ್ತೆ. ಇದು ಸೋಸಲ್ಲ. ಮೇಲೆ ಏನು ಬಿಡ್ತೀಯೋ ಕೆಳಗೆ ಅದೇ ಕುಡೀತೀಯ.”

ವ್ಯಾಪಾರದಲ್ಲಿ ನನಗೆ ಧೈರ್ಯ ಇತ್ತು. ಹೈಸ್ಕೂಲಿನಿಂದ ಇಂಜಿನಿಯರಿಂಗ್ ತನಕ ಅವೆನ್ಯೂ ರಸ್ತೆಯ ಸೋದರಮಾವನ ಹಳೇ ಪುಸ್ತಕದಂಗಡಿಯಲ್ಲಿ ಕೂತು ಫೀಸು ದುಡಿದವನು ನಾನು. ಮಾವ ಕಲಿಸಿದ್ದು ಮೂರೇ ಪಾಠ. ಬೇಕಾದದ್ದನ್ನು ಬೇಕು ಅಂತ ತೋರಿಸಬೇಡ. ಮಾಲನ್ನು ಹೀಗಳೆ. ಕೊನೆಗೆ ಬೆನ್ನು ತಿರುಗಿಸಿ ನಡೆ. “ಹತ್ತು ಹೆಜ್ಜೆ ಹಾಕೋದರೊಳಗೆ ‘ಬನ್ನಿ ಸ್ವಾಮಿ ಬನ್ನಿ’ ಅಂತ ಕರೀಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸೋ” ಅನ್ನುತ್ತಿದ್ದರು. ಹ್ಯೂಸ್ಟನ್ನಿನಲ್ಲಿ ಹಳೇ ಕಾರು ಕೊಳ್ಳುವಾಗ ಈ ವಿದ್ಯೆ ಫಲ ಕೊಟ್ಟಿತ್ತು. ಇನ್ನೇನು ಬೇಕು, ತಲೆ ತಿರುಗುವುದಕ್ಕೆ ಅಷ್ಟು ಸಾಕು.

ಓಟಿಸ್ ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಉದ್ದ ಕೂದಲಿನ ಮೇಕೆ ಸಾಕಿ ಅವುಗಳ ಉಣ್ಣೆ ಮಾರುತ್ತಿದ್ದ. ಅವನ ಹೊಲದಲ್ಲಿ ಹಳ್ಳ ಹರಿದು ಬಂದು ಒಂದು ಬಂಡೆಯ ಬುಡದಲ್ಲಿ ಬಿಲದ ಬಾಯಿಗೆ ಬಿದ್ದು ಮಾಯವಾಗುತ್ತಿತ್ತು. ಎಮ್ಮೆ ತೂರುವಷ್ಟು ಅಗಲದ ಬಾಯಿ. ಮೊದಲ ಸಲ ಬಗ್ಗಿ ನೋಡಿದಾಗ ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ತುಂಬ ಕೆಳಗೆಲ್ಲೋ ನೀರು ಓಡಾಡುವ ಸದ್ದು. ನನ್ನ ಕೈ ತಂತಾನೇ ಪಕ್ಕದ ಗಿಡವನ್ನು ಬಿಗಿಯಾಗಿ ಹಿಡಿದುಕೊಂಡಿತು.

ನಾಲ್ಕು ಸಲ ಅವನ ಮನೆಗೆ ಹೋದೆ. ನಾಲ್ಕು ಸಲವೂ ವರಾಂಡದಲ್ಲಿ ಕೂರಿಸಿ ಐಸ್ ಹಾಕಿದ ಟೀ ಕೊಟ್ಟ. ಏತಕ್ಕೆ ಬೇಕು ಈ ಹೊಲ ಅಂತ ಕೇಳಿದ. “ಸುಮ್ಮನೆ. ಆಫೀಸಿನವರು ಖಾಲಿ ಜಾಗ ನೋಡ್ತಿದ್ದಾರೆ” ಅಂದೆ. ಬಿಲದ ಸುದ್ದಿ ಎತ್ತಲಿಲ್ಲ. ಎತ್ತಿದರೆ ಬೆಲೆ ಏರುತ್ತದಲ್ಲ! ಬದಲಿಗೆ ಮಾವನ ಎರಡನೇ ಪಾಠ ಒಪ್ಪಿಸಿದೆ: “ಬರೀ ಕಲ್ಲು, ಬರೀ ಮುಳ್ಳು. ಮೇಕೆಗೂ ಬೇಜಾರು ಬರೋ ನೆಲ.” ಓಟಿಸ್ ಟೀ ಲೋಟದ ಅಂಚನ್ನು ಹೆಬ್ಬೆರಳಲ್ಲಿ ಒರೆಸುತ್ತ ಕೂತ. ನಾಲ್ಕನೇ ಸಲ ಬೆಲೆ ಹೇಳಿದ. ರಸೆಲ್ ನನಗೆ ಕೊಟ್ಟಿದ್ದ ಮಿತಿಗಿಂತ ಅದು ಕೆಳಗೇ ಇತ್ತು. ಅಲ್ಲೇ ಕೈ ಕುಲುಕಿದ್ದರೆ ಈ ಬರಹವೇ ಬೇಕಿರಲಿಲ್ಲ.

“ಇನ್ನೂ ಸ್ವಲ್ಪ ಇಳಿಸಿ” ಅಂದೆ.

“ನನ್ನ ಬೆಲೆ ಹೇಳಾಯ್ತು.”

“ಅಷ್ಟಾದರೆ ಕಷ್ಟ ಆಗತ್ತೆ.”

“ಸರಿ ಹಾಗಾದರೆ.”

ನಕ್ಷೆ ಮಡಿಸಿದೆ, ಟೋಪಿ ಹಾಕಿಕೊಂಡೆ, ಕಾರಿನ ಕಡೆ ಹೊರಟೆ. ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಏಳು, ಎಂಟು. ಒಂಬತ್ತಕ್ಕೆ ನಿಂತು ಬೂಟಿನ ಲೇಸು ಬಿಚ್ಚಿ ಕಟ್ಟಿದೆ, ಅವನಿಗೂ ಯೋಚಿಸಲು ಸಮಯ ಸಿಗಲಿ ಅಂತ. ಹತ್ತು. ಹಿಂದಿನಿಂದ ಬಂದದ್ದು ಜಾಲರಿ ಬಾಗಿಲು ಮುಚ್ಚಿದ ಸದ್ದು ಒಂದೇ.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. ‘ಒಂದು ವಾರ ಕಾಯಲಿ, ತಾನೇ ಮೆತ್ತಗಾಗುತ್ತಾನೆ’ ಅಂತ ಆಫೀಸಿನಲ್ಲಿ ಕೂತೆ. ವಾರ ಕಳೆದು ಹೋದರೆ ಅವನ ಗೇಟಿಗೆ ಡಲ್ಲಾಸಿನ ಒಂದು ಲೇಔಟ್ ಕಂಪನಿಯ ಬೋರ್ಡು ಹಾಕಿತ್ತು. ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಓಟಿಸ್ ಬೇಲಿ ತಂತಿ ಬಿಗಿಯುತ್ತಿದ್ದ.

“ನನಗೆ ಒಂದು ಫೋನ್ ಮಾಡಬಾರದಿತ್ತಾ?” ಅಂದೆ.

“ನೀನು ಬೇಡ ಅಂತ ಎದ್ದು ಹೋದೆ. ಬೇಡ ಅಂದವನ ಹಿಂದೆ ಓಡಿ ಬಂದು ತಗೋ ಅನ್ನಬೇಕಿತ್ತಾ? ಅವರು ಬಂದ್ರು, ಹೇಳಿದ ಬೆಲೆಗೆ ಕೈ ಕುಲುಕಿದ್ರು. ಕಾಲು ಗಂಟೆಯ ಕೆಲಸ. ಮೇಕೆಗಳನ್ನ ಮಾರೋ ತನಕ, ಎರಡು ತಿಂಗಳು ಇಲ್ಲಿರ್ತೀನಿ.”

“ಆ ಬಿಲ ಇದೆಯಲ್ಲ…”

“ಬಿಲಕ್ಕೇನು?”

ಆಗ ಹೇಳಿದೆ. ಆರು ವಾರ ಮುಚ್ಚಿಟ್ಟದ್ದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಿದೆ. ಮೇಲೆ ಮನೆಗಳು ಬಂದರೆ ಒಂದೊಂದು ಮನೆಗೂ ಒಂದು ಸೆಪ್ಟಿಕ್ ಟ್ಯಾಂಕು. ಅದರ ನೀರು ಬಂಡೆಯ ಸೀಳಿಗೆ, ಹಳ್ಳಕ್ಕೆ, ಬಿಲಕ್ಕೆ. ಬಿಲದಿಂದ ಇಳಿಜಾರಿನ ಬಾವಿಗಳಿಗೆ. ಓಟಿಸ್ ಕೈಲಿದ್ದ ಇಕ್ಕಳವನ್ನು ಕಂಬದ ಮೇಲಿಟ್ಟ.

“ಇಳಿಜಾರಿನಲ್ಲಿ ನನ್ನ ತಂಗಿ ಮನೆ ಇದೆ.”

ನನಗೆ ಅದು ಗೊತ್ತಿರಲಿಲ್ಲ. ಅವನು ಕೂಗಾಡಲಿಲ್ಲ. “ಇದನ್ನ ಮೊದಲನೇ ದಿನ ಹೇಳಿದ್ದರೆ ನೀನು ಕೇಳಿದ ಬೆಲೆಗೇ ಕೊಡ್ತಿದ್ದೆನಲ್ಲ ಮೂರ್ತಿ. ಅದಕ್ಕಿಂತ ಕಮ್ಮಿಗೂ ಕೊಡ್ತಿದ್ದೆ.”

ರಸೆಲ್‌ಗೆ ಹೋಗಿ ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವನೂ ಕೂಗಾಡಲಿಲ್ಲ, ಅದೇ ಹೆಚ್ಚು ಭಯ. ನಕ್ಷೆ ಬಿಡಿಸಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಓಟಿಸನ ಬಿಲದ ಕೆಳಗೆ ಒಂದೊಂದೇ ಚುಕ್ಕೆ ಇಟ್ಟ. ಏಳು ಬಾವಿ. ಏಳನೆಯದರ ಮೇಲೆ ಪೆನ್ಸಿಲ್ ನಿಂತಿತು.

“ಇದು ನಿನ್ನ ಬಾಡಿಗೆ ಮನೆ ಅಲ್ಲವೇ?”

ಆ ನಕ್ಷೆಯನ್ನು ನಾನು ನೂರು ಸಲ ನೋಡಿದ್ದೆ. ಕೊಳ್ಳುವ ಮಾಲಿನ ಹಾಗೆ ನೋಡಿದ್ದೆ. ನನ್ನ ಮನೆ ಅದರಲ್ಲಿ ಎಲ್ಲಿದೆ ಅಂತ ಒಮ್ಮೆಯೂ ಹುಡುಕಿರಲಿಲ್ಲ. ಊರಾಚೆ, ಬಾಡಿಗೆ ಕಡಿಮೆ, ಸಿಹಿ ನೀರಿನ ಬಾವಿ ಬೇರೆ ಅಂತ ಚೌಕಾಸಿ ಮಾಡಿ ಹಿಡಿದ ಮನೆ ಅದು. ಮನೆಯಲ್ಲಿ ಹೆಂಡತಿ ಸರೋಜ, ಎಂಟು ತಿಂಗಳ ಮಗಳು.

ಮನೆಯಲ್ಲಿ ಏನೂ ಹೇಳಲಿಲ್ಲ. ಕುಡಿಯುವ ನೀರನ್ನು ನಾನೇ ಕಾಯಿಸತೊಡಗಿದೆ. ಒಂದು ಸಲ ಕಾಯಿಸಿ, ಆರಿಸಿ, ಮತ್ತೆ ಕಾಯಿಸುತ್ತಿದ್ದೆ. ಹೊಲದಲ್ಲಿ ಆಗಿನ್ನೂ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ, ಆದರೂ. “ಏನ್ರೀ ಇದು, ಸಾರಿಗೆ ಒಗ್ಗರಣೆ ಹಾಕೋಕೆ ಬರದವರು ನೀರನ್ನ ಎರಡೆರಡು ಸಲ ಕುದಿಸ್ತೀರಲ್ಲ?” ಅಂತ ಸರೋಜ ಕೇಳಿದಳು. ಹೊಸ ಊರು, ಮಗುವಿಗೆ ಒಳ್ಳೇದು ಅಂದೆ. ಮಗು ಸ್ನಾನದ ಟಬ್ಬಿನಲ್ಲಿ ಕೈ ಬಡಿದು ನೀರನ್ನು ಬಾಯಿಗೆ ಹಾಕಿಕೊಂಡಾಗ ಓಡಿ ಹೋಗಿ ಅದರ ಬಾಯಿ ಒರೆಸುತ್ತಿದ್ದೆ.

ಆಗ ನೆನಪಾದವರು ಮಹಬೂಬ ಮೇಷ್ಟ್ರು. ಧಾರವಾಡದಲ್ಲಿ ಭೂಗರ್ಭಶಾಸ್ತ್ರದ ಲೆಕ್ಚರರ್ ಆಗಿದ್ದು, ಪಿಎಚ್‌ಡಿ ಮಾಡಲು ಆಸ್ಟಿನ್ನಿಗೆ ಬಂದಿದ್ದವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ನಮ್ಮ ಮನೆಗೆ ಜೋಳದ ರೊಟ್ಟಿ ಬಡಿದುಕೊಡಲು ಬರುತ್ತಿದ್ದ ಏಕೈಕ ಅತಿಥಿ. ಎಲ್ಲ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡರು.

“ಏನ್ರೀ ಮೂರ್ತಿ, ಬೆಂಗಳೂರು ಮಂದಿ ಅಂದ್ರ ಭಾಳ ಶ್ಯಾಣ್ಯಾರು ಅಂತ ತಿಳಕೊಂಡಿದ್ದೆ ನಾ.”

“ಮೇಷ್ಟ್ರೇ, ಗಾಯಕ್ಕೆ ಉಪ್ಪು ಸುರೀಬೇಡಿ.”

“ಉಪ್ಪು ಬ್ಯಾಡ್ರಿ, ಬಣ್ಣ ಸುರಿಯೋಣು. ಆ ಬಿಲದ ನೀರು ನಿಮ್ಮ ಬಾವಿಗೇ ಬರ್ತೈತಿ ಅಂತ ಯಾರು ನೋಡ್ಯಾರ? ನಕ್ಷಾದಾಗ ಗೆರಿ ಹೊಡದ್ರ ನೀರು ಕೇಳ್ತೈತೇನು?”

ಅವರು ಹೇಳಿದ ವಿಧಾನ ಇದು. ಒಂದು ಹಸಿರು ಬಣ್ಣ ಇದೆ, ಕುಡಿದರೆ ಅಪಾಯವಿಲ್ಲ. ಅದನ್ನು ಬಿಲದ ಬಾಯಿಗೆ ಸುರಿಯುವುದು. ಏಳು ಬಾವಿಗಳ ನಲ್ಲಿಯ ಕೆಳಗೆ ಇದ್ದಿಲು ತುಂಬಿದ ಪುಟ್ಟ ಚೀಲ ಕಟ್ಟುವುದು. ಬಣ್ಣ ಬಂದರೆ ಇದ್ದಿಲು ಹಿಡಿದಿಡುತ್ತದೆ, ಲ್ಯಾಬಿನಲ್ಲಿ ನೋಡಿದರೆ ತಿಳಿಯುತ್ತದೆ. ಕಣ್ಣಿಗೆ ಕಾಣುವಷ್ಟು ಬರುವುದೇ ಇಲ್ಲ, ವಾರಗಟ್ಟಲೆ ಹಿಡಿಯಬಹುದು. ಈಗ ನೀವು ಕಂಪ್ಯೂಟರಿನಲ್ಲಿ ನೀರಿನ ದಾರಿಯನ್ನು ಬಣ್ಣ ಬಣ್ಣವಾಗಿ ಓಡಿಸಿ ತೋರಿಸುತ್ತೀರಿ. ನಮ್ಮದು ಡಬ್ಬಿ, ಇದ್ದಿಲು, ಕಾಯುವುದು.

ನೀರಿನ ಪರೀಕ್ಷೆ ಅಂತಷ್ಟೇ ಹೇಳಿ ಏಳು ಮನೆಗಳಲ್ಲೂ ಚೀಲ ಕಟ್ಟಿದೆವು. ಓಟಿಸ್ ತಾನೇ ಗೇಟು ತೆಗೆದು ಒಳಗೆ ಬಿಟ್ಟ. ಮೇಷ್ಟ್ರು ಅಳತೆಯ ಪಾತ್ರೆ ಕೊಟ್ಟು, “ಇಷ್ಟ ಸಾಕ್ರಿ” ಅಂತ ಹಳ್ಳದ ಹರಿವು ಅಳೆಯಲು ಮೇಲಕ್ಕೆ ಹೋದರು. ನಾನು ಸಾಕು ಅನ್ನುವ ಜಾತಿಯವನಲ್ಲ. ಕೊಂಡು ತಂದ ಡಬ್ಬಿಯಲ್ಲಿ ಉಳಿಸುವುದೇಕೆ ಅಂತ ಪೂರ್ತಿ ಬಗ್ಗಿಸಿಬಿಟ್ಟೆ. ಬಿಲದ ಬಾಯಿ ಗಿಳಿಯ ಬಣ್ಣಕ್ಕೆ ತಿರುಗಿ, ಸುತ್ತಿ ಸುತ್ತಿ ಒಳಗಿಳಿಯಿತು. ಮೇಷ್ಟ್ರು ಬಂದು ಖಾಲಿ ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು.

ವಾರಗಳು ಹಿಡಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಬಚ್ಚಲಿನಿಂದ ಸರೋಜ ಕಿರುಚಿದಳು. ಓಡಿ ಹೋದರೆ ಮಗುವನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಾಳೆ. ಮಗುವಿನ ಟಬ್ಬಿನ ತುಂಬ ಹಸಿರು ನೀರು. ನಲ್ಲಿಯಿಂದ ಇನ್ನೂ ಸುರಿಯುತ್ತಲೇ ಇತ್ತು. ಮಗುವಿನ ಅಂಗೈ ಹಸಿರು, ತುಟಿಯ ಕೊನೆ ಹಸಿರು.

“ಏನೂ ಆಗಲ್ಲ, ಅದು ಬರೀ ಬಣ್ಣ” ಅಂದೆ.

“ನಿಮಗೆ ಹೇಗೆ ಗೊತ್ತು?”

“ನಾನೇ ಹಾಕಿದ್ದು.”

ಅವಳು ನನ್ನನ್ನು ನೋಡಿದ ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಎಲ್ಲವನ್ನೂ ಹೇಳಿಸಿಕೊಂಡಳು. ಬಿಲ, ಓಟಿಸ್, ಡಲ್ಲಾಸಿನವರು, ಎರಡೆರಡು ಸಲ ಕುದಿಸಿದ ನೀರು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಬಣ್ಣ ಮೂರು ದಿನಕ್ಕೆ ಬಂತು. ಕಕ್ಕಸಿನ ನೀರು ಎಷ್ಟು ದಿನಕ್ಕೆ ಬರತ್ತೆ?”

“ಅದೂ ಮೂರೇ ದಿನ.”

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಓಟಿಸನ ತಂಗಿ ನೆಲ್. ಕಾಫಿ ಪಾತ್ರೆಯಲ್ಲಿ ಹಸಿರು ನೋಡಿ ತನಗೆ ಯಾರೋ ವಿಷ ಹಾಕಿದ್ದಾರೆ ಅಂತ ಅಳುತ್ತಿದ್ದಳು. ಸರೋಜ ಮಗುವಿಗೆ ಬಟ್ಟೆ ಹಾಕಿ, ಆ ನೀರನ್ನು ಒಂದು ಉಪ್ಪಿನಕಾಯಿ ಜಾಡಿಗೆ ತುಂಬಿದಳು. “ಕಾರು ತೆಗೀರಿ. ಎಲ್ಲ ಮನೆಗೂ ಹೋಗಿ ಹೇಳಬೇಕು.”

“ರಸೆಲ್‌ನ ಕೇಳದೆ ಹೇಗೆ…”

“ರಸೆಲ್ ಬಂದು ಇವಳಿಗೆ ಸ್ನಾನ ಮಾಡಿಸ್ತಾನಾ?”

ಹೋದೆವು. ಏಳರಲ್ಲಿ ಐದು ಬಾವಿಗಳಲ್ಲಿ ಹಸಿರು ಬಂದಿತ್ತು. ಹರಕು ಇಂಗ್ಲಿಷಿನಲ್ಲಿ ಸರೋಜಳೇ ಮುಂದೆ ನಿಂತು ವಿವರಿಸಿದಳು. ಈಗ ಅಪಾಯವಿಲ್ಲ, ಮುಂದೆ ಇದೆ, ಇದನ್ನು ನೋಡಿ. ಹಸಿರು ಬಂದ ಮನೆಯವರೆಲ್ಲ ತಮ್ಮದೂ ಒಂದೊಂದು ಜಾಡಿ ತುಂಬಿಸಿ ಕೊಟ್ಟರು. ಒಬ್ಬಾತ ಮಾತ್ರ ಬಾಗಿಲಲ್ಲೇ ನಿಂತು, “ಇದನ್ನೆಲ್ಲ ನಿನ್ನ ಗಂಡ ಮೊದಲೇ ತಿಳಿದಿದ್ದನಾ?” ಅಂತ ಕೇಳಿದ. ಸರೋಜ ನನ್ನ ಕಡೆ ತಿರುಗಿದಳು, ನೀವೇ ಹೇಳಿ ಅನ್ನುವ ಹಾಗೆ. “ತಿಳಿದಿದ್ದೆ” ಅಂದೆ.

ಮರುದಿನ ಜಾಡಿಗಳನ್ನು ನೋಡಿ ರಸೆಲ್ ಕೊಳ್ಳುವ ಮಿತಿಯನ್ನು ಹೆಚ್ಚಿಸಿ ಕೊಟ್ಟ, ಆದರೆ ಇಡೀ ಹೊಲಕ್ಕೆ ಸಾಲುವಷ್ಟಲ್ಲ. ನಾನು ಡಲ್ಲಾಸಿಗೆ ಹೊರಟೆ. ಓಟಿಸ್ ಕರೆಯದೇ ಬಂದು ಕಾರಿನಲ್ಲಿ ಕೂತ. ಐದು ಜಾಡಿಗಳ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದ. ತಿರುವಿನಲ್ಲಿ ಗಾಜು ಗಾಜಿಗೆ ತಾಗಿ ಸದ್ದಾದಾಗಲೆಲ್ಲ ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಿದ್ದ.

ಕಂಪನಿಯ ಯಜಮಾನ ಡೀನ್, ನನ್ನ ವಯಸ್ಸಿನವನೇ. ಗೋಡೆಯ ಮೇಲೆ ಓಟಿಸನ ಹೊಲದ ನಕ್ಷೆ, ಅದರ ತುಂಬ ಸೈಟುಗಳ ಚೌಕ. ಬಿಲದ ಜಾಗಕ್ಕೆ ಒಂದು ಪಾರ್ಕಿಂಗ್ ಬರೆದಿದ್ದರು. ತುಂಬಿ ಮುಚ್ಚುವ ಯೋಜನೆ. ಕಲ್ಲು ತುಂಬಿದರೂ ಕಾರುಗಳ ಎಣ್ಣೆ ಜಿಡ್ಡೆಲ್ಲ ಸಂದಿಯಿಂದ ಅದರೊಳಕ್ಕೇ. ಕೂತು, ಮಾವನ ಪಾಠಗಳನ್ನೆಲ್ಲ ಪಕ್ಕಕ್ಕಿಟ್ಟೆ.

“ನನಗೆ ಆ ಬಿಲವೂ ಹಳ್ಳದ ಎರಡು ದಂಡೆಯೂ ಬೇಕು. ತುಂಬಾ ಬೇಕು. ಯಾಕೆ ಅಂತ ಹೇಳ್ತೀನಿ ಕೇಳಿ.”

ಹೇಳಿದೆ. ಡೀನ್ ಕುರ್ಚಿಗೆ ಒರಗಿದ. “ಇಷ್ಟು ಬೇಕು ಅಂತ ಹೇಳಿದ ಮೇಲೆ ನಾನು ಯಾವ ಬೆಲೆ ಬೇಕಾದರೂ ಹೇಳಬಹುದಲ್ಲ?”

“ಹೇಳಬಹುದು.”

ಓಟಿಸ್ ಒಂದು ಜಾಡಿ ತೆಗೆದು ಮೇಜಿನ ಮೇಲಿಟ್ಟ. “ಇದು ನನ್ನ ತಂಗಿಯ ಅಡುಗೆಮನೆಯದು.”

“ವಿಷವಾ?”

“ಇದಲ್ಲ” ಅಂದೆ. “ನಿಮ್ಮ ಬ್ರೋಷರಿನಲ್ಲಿ ಪ್ರತಿ ಮನೆಗೂ ಸ್ವಂತ ಬಾವಿ ಅಂತ ಅಚ್ಚು ಹಾಕಿಸಿದ್ದೀರಿ. ಆ ಬಾವಿಗಳನ್ನು ಕೊರೆಯುವುದೂ ಇದೇ ಬಂಡೆಗೇ. ನಿಮ್ಮ ಮನೆ ಕೊಂಡವರು ತಮ್ಮದೇ ಟ್ಯಾಂಕಿನ ನೀರನ್ನು ಮೂರು ದಿನದಲ್ಲಿ ಲೋಟಕ್ಕೆ ಹಿಡಿಯುತ್ತಾರೆ.”

ಡೀನ್ ಜಾಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. “ಇದನ್ನ ಎಷ್ಟು ಜನ ನೋಡಿದ್ದಾರೆ?”

“ಏಳು ಮನೆಯವರೂ ನೋಡಿದ್ದಾರೆ. ನನ್ನ ಹೆಂಡತಿ ತೋರಿಸಿದಳು.”

ಅವನ ಮುಖದಲ್ಲಿ ಒಂದು ಮಾತು ಬಂದು ಹಿಂದೆ ಹೋದದ್ದು ನನಗೆ ಕಂಡಿತು. ಯಾರೂ ನೋಡಿಲ್ಲ ಅಂದಿದ್ದರೆ ಬಿಲಕ್ಕೆ ಬದಲಾಗಿ ಅವನು ನನ್ನ ಮೌನ ಕೇಳುತ್ತಿದ್ದ. ನಾನು ಕೊಟ್ಟುಬಿಡುತ್ತಿದ್ದೆನೋ ಏನೋ. ಇದನ್ನು ಬರೆಯುವಾಗಲೂ ಭಯವಾಗುತ್ತದೆ. ಸರೋಜ ನನಗೆ ಆ ಆಯ್ಕೆಯನ್ನೇ ಉಳಿಸಿರಲಿಲ್ಲ.

ಸಂಜೆಯ ಹೊತ್ತಿಗೆ ಐವತ್ತು ಎಕರೆ ಸಿಕ್ಕಿತು: ಬಿಲ, ಅದರ ಸುತ್ತಲಿನ ಬಂಡೆ, ಹಳ್ಳದ ಎರಡು ದಂಡೆ. ಎಕರೆಗೆ ಓಟಿಸ್ ಹೇಳಿದ್ದ ಬೆಲೆಯ ದುಪ್ಪಟ್ಟಿಗಿಂತ ಹೆಚ್ಚು. ಹಿಂದಿರುಗುವಾಗ ಓಟಿಸ್ ಖಾಲಿ ಪೆಟ್ಟಿಗೆ ಹಿಡಿದು ಕೇಳಿದ, “ಉಳಿದ ನೂರೈವತ್ತು?”

“ಅದು ಅವರದೇ.”

ಅವನು ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ ಕಿಟಕಿಯ ಕಡೆ ತಿರುಗಿ ಕೂತ.

ಬಿಲದ ಸುತ್ತ ಬೇಲಿ ಹಾಕಿಸಿದೆವು. ಉಳಿದ ಹೊಲದಲ್ಲಿ ಮನೆಗಳೆದ್ದವು. ನಾನು ತಿಂಗಳಿಗೊಮ್ಮೆ ಏಳು ಬಾವಿಗಳ ನೀರನ್ನು ಬಾಟಲಿಗೆ ಹಿಡಿದು ಪರೀಕ್ಷೆಗೆ ಕೊಡುತ್ತಿದ್ದೆ. ಕೆಲಸದ ಪಟ್ಟಿಯಲ್ಲಿರಲಿಲ್ಲ, ಆದರೂ. ಒಂದು ವರ್ಷ ಎಲ್ಲ ಸರಿಯಿತ್ತು. ಪರೀಕ್ಷೆಯ ಫಲಿತಾಂಶ ಬರುವ ದಿನ ಮಾತ್ರ ನನಗೆ ಊಟ ಸೇರುತ್ತಿರಲಿಲ್ಲ. ಎರಡನೇ ಚಳಿಗಾಲ ದೊಡ್ಡ ಮಳೆಯಾಯಿತು. ಮಳೆ ನಿಂತ ವಾರ ನೆಲ್ ಹಾಸಿಗೆ ಹಿಡಿದಳು. ವಾಂತಿ, ಭೇದಿ, ಜ್ವರ. ಅವಳ ಬಾವಿಯ ನೀರು ಕೆಟ್ಟಿತ್ತು. ಬಿಲ ನಮ್ಮ ಕೈಯಲ್ಲಿತ್ತು, ಬೇಲಿ ಭದ್ರವಾಗಿತ್ತು, ಹಳ್ಳದ ನೀರು ಶುದ್ಧವಾಗಿತ್ತು. ನಾನು ಮಹಬೂಬ ಮೇಷ್ಟ್ರ ಬಳಿ ಓಡಿದೆ.

“ಒಂದು ಬಿಲ ಕಣ್ಣಿಗೆ ಕಂಡಿತ್ರಿ, ಹಿಡಕೊಂಡ್ರಿ. ಕಾಣದ್ದು ಆ ನೂರೈವತ್ತು ಎಕರೆದಾಗ ಎಷ್ಟು ಅದಾವೋ, ಯಾರಿಗೆ ಗೊತ್ತು?” ಅಂದರು. ಅವತ್ತು ಅವರು ತಮಾಷೆ ಮಾಡಲಿಲ್ಲ.

ನೆಲ್ ಎರಡು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ನೋಡಲು ಹೋದಾಗ ಓಟಿಸ್ ಅವಳ ಮಂಚದ ಪಕ್ಕ ಕೂತಿದ್ದ. ನಾನು ಬಾಗಿಲಲ್ಲಿ ನಿಂತೆ. ಅವನು ಕುರ್ಚಿ ಸರಿಸಿ ಜಾಗ ಮಾಡಿದ, ಅಷ್ಟೇ. ಮುಂದಿನ ವರ್ಷದೊಳಗೆ ಏಳು ಬಾವಿಗಳನ್ನೂ ಸಿಮೆಂಟು ಹಾಕಿ ಮುಚ್ಚಿ ಊರಿನ ಪೈಪು ಎಳೆದರು. ಕೊನೆಗೆ ಮುಚ್ಚಿದ್ದು ನಮ್ಮದು. ನನ್ನ ಮಗಳು ಪೈಪಿನ ನೀರು ಕುಡಿದು ಬೆಳೆದಳು. ಆ ಐವತ್ತು ಎಕರೆ ಮಾತ್ರ ಈಗಲೂ ಹಾಗೇ ಇದೆ. ಮಳೆ ಬಂದರೆ ಹಳ್ಳ ಹರಿದು ಬಿಲಕ್ಕಿಳಿಯುತ್ತದೆ, ಅಷ್ಟು ನೀರು ಶುದ್ಧವಾಗಿ ಇಳಿಯುತ್ತದೆ. ಆಮೇಲೆ ಎಷ್ಟೋ ಜಮೀನು ಕೊಂಡೆ. ಪ್ರತಿ ಸಲವೂ ಹಿಡಿದದ್ದರ ಪಕ್ಕದ ತುಂಡು ಯಾರದು ಅಂತ ಮೊದಲು ವಿಚಾರಿಸುತ್ತಿದ್ದೆ.

ಈಗ ನಿಮಗೆ. ಜಮೀನಿನ ಯಜಮಾನನ ಬಾಗಿಲು ತಟ್ಟುವ ಮೊದಲು ಇಳಿಜಾರಿನ ಕೆಳಗಿನ ಮನೆಗಳ ಬಾಗಿಲು ತಟ್ಟಿ. ಒಬ್ಬೊಬ್ಬರ ಹೆಸರು ಕೇಳಿ ಬರೆದುಕೊಳ್ಳಿ. ಅದರಲ್ಲಿ ಆ ಜಮೀನಿನವನ ನೆಂಟರಿದ್ದರೂ ಇರಬಹುದು. ಅವನನ್ನು ಕಂಡಾಗ ನಿಮಗೇಕೆ ಬೇಕು ಅಂತ ಮೊದಲ ಭೇಟಿಯಲ್ಲೇ ಹೇಳಿ, ಬೆಲೆ ಏರಿದರೆ ಏರಲಿ. ಹೇಳಿದ ಬೆಲೆ ಮಿತಿಯೊಳಗಿದ್ದರೆ ಕೂತಲ್ಲೇ ಕೈ ಕುಲುಕಿ, ಸಹಿಯ ಕಾಗದ ಬ್ಯಾಗಿನಲ್ಲೇ ಇರಲಿ. ಒಂದು ತುಂಡು ಸಿಕ್ಕಿತು ಅಂತ ಆಫೀಸಿಗೆ ಬಂದು ಸಿಹಿ ಹಂಚಬೇಡಿ; ಅದೇ ಮಧ್ಯಾಹ್ನ ಪಕ್ಕದ ತುಂಡಿನವರಿಗೆ ಫೋನ್ ಮಾಡಿ. ಮತ್ತೆ, ಕೆಳಗಿನ ಮನೆಗಳಿಗೆ ಹೋದಾಗ ಸುಮ್ಮನೆ ಬರಬೇಡಿ. ಕುಡಿಯಲು ನೀರು ಕೇಳಿ. “ನಮ್ಮ ಬಾವಿ ನೀರು ಎಷ್ಟು ಸಿಹಿ ಗೊತ್ತಾ, ಇನ್ನೊಂದು ಲೋಟ ತಗೊಳ್ಳಿ” ಅಂತ ಅವರು ಅಂದೇ ಅನ್ನುತ್ತಾರೆ. ಆ ಎರಡನೇ ಲೋಟವನ್ನೂ ಅವರ ಮುಂದೆಯೇ ಕುಡಿದು ಮುಗಿಸಿ, ಆಮೇಲೆ ಮೇಲಕ್ಕೆ ಹತ್ತಿ ಬೆಲೆಯ ಮಾತಾಡಿ.